ಕುರ್ಚಿ ಎಣಿಸಬೇಡಿ, ರೋಗಿಯನ್ನು ನೋಡಿ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಹಲ್ಲಿನ ಡಾಕ್ಟರನಾದ ನಾನು ಈ ಗಾದೆಯನ್ನು ಸ್ವಲ್ಪ ತಿರುಚಿ ಹೇಳುವುದುಂಟು: ಕುರ್ಚಿಯಿದ್ದ ಕಾಲೇಜಿಗೆ ರೋಗಿ ಬರುವುದಿಲ್ಲ, ರೋಗಿ ಬರುವ ಕಾಲೇಜಿನಲ್ಲಿ ಕುರ್ಚಿ ಸಾಲುವುದಿಲ್ಲ. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಇದು ನಗುವ ಮಾತಲ್ಲ ಎಂದು ತಿಳಿಯಲು ನನಗೆ ಐದು ವರ್ಷ ಮತ್ತು ಒಬ್ಬ ಮುದುಕರ ಉಪಕಾರ ಬೇಕಾಯಿತು. ಸಂಘದ ಹಳೆಯ ಸದಸ್ಯನೆಂಬ ಸಲಿಗೆಯಿಂದ ಸಂಪಾದಕರು ಏನಾದರೂ ಬರೆಯಿರಿ ಅಂದರು. ಕವಿತೆ ಬರೆಯುವ ವಯಸ್ಸು ದಾಟಿತು. ಗೊತ್ತಿದ್ದದ್ದನ್ನು ಬರೆಯುತ್ತೇನೆ.

ಮೊನ್ನೆ ಡೊಂಬಿವಲಿಯಲ್ಲಿ ಸೋದರಮಾವನ ಮನೆಗೆ ಹೋಗಿದ್ದೆ. ಮಾವನ ಮಗಳು ನೀಟ್ ಬರೆದಿದ್ದಾಳೆ. ಎಂಬಿಬಿಎಸ್ ಸಿಗುವಷ್ಟು ಅಂಕ ಇಲ್ಲ, ಬಿಡಿಎಸ್ ಸಿಗಬಹುದು. ಊಟದ ಮೇಜಿನ ತುಂಬ ಬಣ್ಣಬಣ್ಣದ ಕಾಲೇಜು ಪುಸ್ತಿಕೆಗಳು. ಮಾವ ಒಂದು ಹಾಳೆಯಲ್ಲಿ ಗೆರೆ ಎಳೆದು ಪಟ್ಟಿ ಮಾಡಿದ್ದಾರೆ: ಫೀಸು ಎಷ್ಟು, ಹಾಸ್ಟೆಲು ಹೇಗೆ, ಮೆಸ್ಸಿನಲ್ಲಿ ಕುಚಲಕ್ಕಿ ಉಂಟಾ, ಸ್ಟೇಷನ್ನಿನಿಂದ ಎಷ್ಟು ದೂರ, ರ‍್ಯಾಂಕಿಂಗ್ ಎಷ್ಟನೆಯದು. ಮಾವ ಹೋಟೆಲಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಪಟ್ಟಿಯಲ್ಲಿ ತಪ್ಪು ಹುಡುಕುವುದು ಕಷ್ಟ.

ನಾನು ಒಂದೇ ಪ್ರಶ್ನೆ ಕೇಳಿದೆ. "ಅಲ್ಲಿಗೆ ರೋಗಿಗಳು ಬರ್ತಾರಾ ಮಾವ?"

"ಎಂತ ಮಾರಾಯ, ಕಾಲೇಜು ನೋಡ್ಲಿಕ್ಕೆ ಹೋಗುವುದಾ, ರೋಗಿಗಳನ್ನು ಎಣಿಸ್ಲಿಕ್ಕೆ ಹೋಗುವುದಾ?"

ಎಣಿಸಲಿಕ್ಕೇ ಹೋಗಬೇಕು. ಎಣಿಸಿದರೂ ಸಾಲದು. ಈ ಲೇಖನದಲ್ಲಿ ನಾನು ಹೇಳಹೊರಟದ್ದು ಅಷ್ಟೇ.

ಬಿಡಿಎಸ್ ಅಂದರೆ ನಾಲ್ಕು ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಮೊದಲಿನ ಎರಡು ವರ್ಷ ಅಂಗರಚನೆ, ಶರೀರಶಾಸ್ತ್ರ, ಔಷಧಶಾಸ್ತ್ರ, ಮೇಣದಲ್ಲಿ ಹಲ್ಲು ಕೆತ್ತುವುದು, ಪ್ಲಾಸ್ಟರು ಕಲಸುವುದು. ರೋಗಿಯ ಬಾಯಿ ನಮಗೆ ಸಿಗುವುದು ಮೂರನೆಯ ವರ್ಷದಿಂದ. ಹಾಗಾಗಿ ಹನ್ನೆರಡನೆಯ ತರಗತಿ ಮುಗಿಸಿ ಬಂದ ಹುಡುಗಿ ಮೊದಲ ದಿನ ಕಾಲೇಜು ನೋಡುವಾಗ ಕಾಣುವುದು ಲೈಬ್ರರಿ, ಲಿಫ್ಟು, ಹೂವಿನ ಕುಂಡ. ತನ್ನನ್ನು ಡಾಕ್ಟರಳಾಗಿ ಮಾಡುವ ಅಥವಾ ಮಾಡದೆ ಬಿಡುವ ಕೋಣೆಗೆ ಅವಳು ಕಾಲಿಡುವುದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಫೀಸು ಕಟ್ಟಿ ಆಗಿರುತ್ತದೆ, ಹಿಂದೆ ಹೋಗುವ ದಾರಿ ಇಲ್ಲ. ಮೇಲೆ ಥಳುಕು ಒಳಗೆ ಹುಳುಕು ಎಂದು ಹಿರಿಯರು ಹೇಳಿದ್ದು ಹಲ್ಲಿನ ಬಗ್ಗೆಯೋ ಹಲ್ಲಿನ ಕಾಲೇಜಿನ ಬಗ್ಗೆಯೋ ಎಂದು ನನಗೆ ಒಮ್ಮೊಮ್ಮೆ ಅನುಮಾನ.

ಎರಡನೆಯ ವರ್ಷದಲ್ಲಿ ನಮಗೆ ಒಂದು ಬೊಂಬೆಯ ತಲೆ ಕೊಡುತ್ತಾರೆ. ಬಾಯಲ್ಲಿ ಪ್ಲಾಸ್ಟಿಕ್ ಹಲ್ಲು. ಅದನ್ನು ಕೊರೆದು ತುಂಬಿ ಅಭ್ಯಾಸ ಮಾಡಬೇಕು. ಒಳ್ಳೆಯ ವ್ಯವಸ್ಥೆಯೇ. ಆದರೆ ಬೊಂಬೆಗೆ ಉಗುಳು ಬರುವುದಿಲ್ಲ, ನಾಲಿಗೆ ಅಡ್ಡ ಬರುವುದಿಲ್ಲ, ಹೆದರಿಕೆಯಾಗುವುದಿಲ್ಲ. ಎಷ್ಟು ಅಗಲ ಬೇಕೋ ಅಷ್ಟು ಬಾಯಿ ತೆರೆಯುತ್ತದೆ. ನಿಜವಾದ ಬಾಯಿ ಹಾಗಲ್ಲ. ಸಾಮಾನ್ಯ ಮನುಷ್ಯನ ಬಾಯಲ್ಲಿ ಅವನದೇ ಮೂರು ಬೆರಳು ನಿಲುವಾಗಿ ಹೋಗುತ್ತವೆ. ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಪದರ ಹಗ್ಗದಂತೆ ಬಿಗಿದವರಿಗೆ ಒಂದು ಬೆರಳು ಹೋಗುವುದೂ ಕಷ್ಟ. ಮಹಾರಾಷ್ಟ್ರದಲ್ಲಿ ಗುಟ್ಕಾ ನಿಷೇಧವಾದದ್ದು ೨೦೧೨ರಲ್ಲಿ. ನನ್ನ ಕುರ್ಚಿಯಲ್ಲಿ ಕೂರುವ ರಿಕ್ಷಾದವರ ಬಾಯಿ ಇವತ್ತಿಗೂ ಬೇರೆ ಕತೆ ಹೇಳುತ್ತದೆ. ಅಂಥ ಬಾಯಲ್ಲಿ ಕೊನೆಯ ದವಡೆಹಲ್ಲಿಗೆ ಕೈ ಹೇಗೆ ಮುಟ್ಟಿಸುವುದು, ಕೆಳದವಡೆಯ ನರಕ್ಕೆ ಸೂಜಿ ಎಲ್ಲಿ ಚುಚ್ಚುವುದು, ಕೆನ್ನೆಯ ಒಳಗಿನ ಬಿಳಿ ಮಚ್ಚೆ ಕಂಡಾಗ ಹಲ್ಲಿನ ಮಾತು ಬಿಟ್ಟು ಯಾವ ದನಿಯಲ್ಲಿ ಪರೇಲಿನ ಟಾಟಾ ಆಸ್ಪತ್ರೆಗೆ ಹೋಗಿ ಅಂತ ಹೇಳುವುದು, ಇದನ್ನು ಬೊಂಬೆ ಕಲಿಸುವುದಿಲ್ಲ.

ಹಾಗಾದರೆ ಹಲ್ಲುನೋವಿನವರಿಗೆ ಈ ದೇಶದಲ್ಲಿ ಬರವೇ? ಬರವಿಲ್ಲ. ಬರ ಇರುವುದು ಕಾಲೇಜಿನ ಬಾಗಿಲಲ್ಲಿ. ಭಾರತದ ಮೊದಲ ದಂತ ಕಾಲೇಜನ್ನು ಡಾ. ರಫಿಯುದ್ದೀನ್ ಅಹಮದ್ ಅವರು ೧೯೨೦ರಲ್ಲಿ ಕಲಕತ್ತೆಯಲ್ಲಿ ಆರಂಭಿಸಿದರು. ದಂತವೈದ್ಯರ ಕಾಯಿದೆ ಬಂದದ್ದು ೧೯೪೮ರಲ್ಲಿ. ಮಣಿಪಾಲದಲ್ಲಿ ದಂತ ಕಾಲೇಜು ಶುರುವಾದದ್ದು ೧೯೬೫ರಲ್ಲಿ. ಇಂದು ದೇಶದಲ್ಲಿ ೩೦೦ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ, ಕರ್ನಾಟಕವೊಂದರಲ್ಲೇ ೪೦ರ ಆಸುಪಾಸು. ಮುಂಬಯಿ, ಪುಣೆಯ ನಮ್ಮ ಮಕ್ಕಳು ಬ್ಯಾಗು ಕಟ್ಟಿಕೊಂಡು ಊರ ಕಡೆ ಹೋಗುವುದು ಇದಕ್ಕೇ. ಆದರೆ ಎಷ್ಟೋ ಕಾಲೇಜು ಎದ್ದದ್ದು ಜಾಗ ಅಗ್ಗವಾಗಿ ಸಿಗುವಲ್ಲಿ, ಪೇಟೆಯಿಂದ ಹೊರಗೆ. ಕೂಲಿಯವನಿಗೆ ಹಲ್ಲು ನೋಯುತ್ತದೆ ನಿಜ. ಎರಡು ಬಸ್ಸು ಹತ್ತಿ, ಒಂದು ದಿನದ ಕೂಲಿ ಕಳೆದುಕೊಂಡು ಗುಡ್ಡದ ಮೇಲಿನ ಕಾಲೇಜಿಗೆ ಅವನು ಯಾಕೆ ಬರಬೇಕು? ಲವಂಗ ಇಟ್ಟು ಮಲಗುತ್ತಾನೆ. ಮೇಲೆ ಕುರ್ಚಿಗಳು ಸಾಲಾಗಿ ಖಾಲಿ ಕೂತಿರುತ್ತವೆ.

ಇನ್ನು ಆ ಮುದುಕರ ವಿಷಯ. ನಾನು ಓದಿದ ಕಾಲೇಜಿನ ಹೆಸರು ಇಲ್ಲಿ ಬೇಡ. ಕಲಿಸಿದವರಲ್ಲಿ ಒಳ್ಳೆಯವರಿದ್ದರು, ಅವರ ಅನ್ನ ನಾನು ಉಂಡಿದ್ದೇನೆ. ಕಟ್ಟಡ ಹೊಸದು, ಯಂತ್ರಗಳು ಹೊಸವು, ರೋಗಿಗಳು ಮಾತ್ರ ಕಮ್ಮಿ. ಪ್ರತಿ ವಿಭಾಗದಲ್ಲೂ ನಮಗೆ ಕೋಟಾ ಇತ್ತು. ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು, ಇಷ್ಟು ಪೂರ್ಣ ದಂತಪಂಕ್ತಿ ಮಾಡಬೇಕು ಅಂತ. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಒಂದೂ ಹಲ್ಲಿಲ್ಲದ ರೋಗಿಯನ್ನು ನಾವೇ ಹುಡುಕಿ ತರಬೇಕಿತ್ತು. ಪರೀಕ್ಷೆಗೆ ಎರಡು ತಿಂಗಳಿರುವಾಗಲೇ ನಾವು ಬಸ್‌ಸ್ಟ್ಯಾಂಡಿನಲ್ಲಿ, ದೇವಸ್ಥಾನದಲ್ಲಿ, ಮದುವೆಮನೆಯಲ್ಲಿ ಮುದುಕರ ಬಾಯಿಯನ್ನೇ ನೋಡುತ್ತ ತಿರುಗುತ್ತಿದ್ದೆವು. ನನಗೆ ಸಿಕ್ಕವರು ಹಾಸ್ಟೆಲಿನ ಅಡುಗೆಯವರ ದೊಡ್ಡಪ್ಪ. ಎಪ್ಪತ್ತು ದಾಟಿದ ತೋಟದ ಆಳು.

ಪೂರ್ಣ ದಂತಪಂಕ್ತಿ ಒಂದು ದಿನದ ಕೆಲಸವಲ್ಲ. ಮೊದಲು ವಸಡಿನ ಅಚ್ಚು, ಆಮೇಲೆ ಇನ್ನೂ ಸೂಕ್ಷ್ಮವಾದ ಅಚ್ಚು, ಆಮೇಲೆ ಮೇಲಿನ ದವಡೆಗೂ ಕೆಳಗಿನ ದವಡೆಗೂ ಇರುವ ಸಂಬಂಧದ ಅಳತೆ, ಆಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಗಿಟ್ಟು ನೋಡುವುದು, ಐದನೆಯ ಸಲಕ್ಕೆ ಗಟ್ಟಿ ಹಲ್ಲು. ಅವರು ನಾಲ್ಕು ಸಲ ಬಂದರು. ಎರಡೆರಡು ಬಸ್ಸು ಬದಲಿಸಿ, ತೊಳೆದ ಬಿಳಿ ಪಂಚೆ ಉಟ್ಟು. "ಚೌತಿಗೆ ಚಕ್ಕುಲಿ ತಿನ್ಲಿಕ್ಕೆ ಆದೀತಾ ಡಾಕ್ಟ್ರೆ?" ಅಂತ ಕೇಳುತ್ತಿದ್ದರು. ಡಾಕ್ಟ್ರೆ ಅನ್ನಿಸಿಕೊಂಡ ಖುಷಿಯಲ್ಲಿ ನಾನು ಆದೀತು ಅಜ್ಜ, ಖಂಡಿತ ಅನ್ನುತ್ತಿದ್ದೆ.

ನಾಲ್ಕನೆಯ ಸಲ ಬಂದದ್ದು ಪರೀಕ್ಷೆಯ ದಿನ. ಪರೀಕ್ಷಕರು ಮೇಣದ ಹಲ್ಲನ್ನು ಬಾಯಲ್ಲಿ ನೋಡಿದರು, ನಗಿ ಅಂದರು, ಅಜ್ಜ ನಕ್ಕರು. ಎರಡು ಪ್ರಶ್ನೆ ಕೇಳಿ ಅಂಕ ಹಾಕಿದರು. ಒಳ್ಳೆಯ ಅಂಕವೇ. ಮರುದಿನ ನನಗೆ ಮುಂಬಯಿಗೆ ರೈಲು. ಮೇಣದ ಹಲ್ಲನ್ನು ಪ್ರಯೋಗಶಾಲೆಯ ಕಪಾಟಿನಲ್ಲಿಟ್ಟು, ಇದನ್ನು ಮುಗಿಸಿಕೊಡು ಅಂತ ಜೂನಿಯರ್ ಒಬ್ಬನಿಗೆ ಹೇಳಿ ಹೊರಟೆ. ಅವನಿಗೆ ಅವನದೇ ಪರೀಕ್ಷೆ. ಇಂಟರ್ನ್‌ಶಿಪ್ಪಿಗೆ ತಿರುಗಿ ಬಂದಾಗ ಕಪಾಟಿನ ಸೆಕೆಗೆ ಮೇಣ ಸೊಟ್ಟಗಾಗಿ ಹಲ್ಲುಗಳು ಒಂದರ ಮೇಲೊಂದು ಬಿದ್ದಿದ್ದವು. ಅಜ್ಜ ಎರಡು ಸಲ ಬಂದು ಹೋಗಿದ್ದರಂತೆ. ಡಾಕ್ಟರು ಊರಿಗೆ ಹೋಗಿದ್ದಾರೆ ಅಂದರಂತೆ. ನಾನು ಅಡುಗೆಯವರ ಹತ್ತಿರ ಹೇಳಿಕಳಿಸಿದೆ, ಮೊದಲಿಂದ ಮಾಡಿಕೊಡ್ತೇನೆ, ಬರಲಿಕ್ಕೆ ಹೇಳಿ ಅಂತ. ಉತ್ತರ ಬಂತು: "ಹಲ್ಲಿಲ್ಲದೆ ಇಷ್ಟು ವರ್ಷ ಉಂಡಿದ್ದೇನೆ, ಇನ್ನೂ ಉಣ್ತೇನೆ ಅಂದ್ರು."

ನನ್ನ ದಾಖಲೆ ಪುಸ್ತಕದಲ್ಲಿ ಆ ಕೇಸಿನ ಮುಂದೆ 'ಪೂರ್ಣ' ಅಂತ ಬರೆದು ಸಹಿಯಾಗಿದೆ. ಇವತ್ತಿಗೂ ಆ ಪುಸ್ತಕ ನನ್ನ ಹತ್ತಿರ ಇದೆ.

ಇದನ್ನು ಪಶ್ಚಾತ್ತಾಪದ ಪ್ರದರ್ಶನಕ್ಕಾಗಿ ಹೇಳುತ್ತಿಲ್ಲ. ತಪ್ಪು ನನ್ನದೇ, ಅದನ್ನು ಕಾಲೇಜಿನ ಮೇಲೆ ಹಾಕಿ ಕೈತೊಳೆಯುವುದಿಲ್ಲ. ಆದರೆ ರೋಗಿ ಬಂದ, ಸಹಿ ಬಿತ್ತು, ಲೆಕ್ಕ ಮುಗಿಯಿತು ಎಂಬ ಪದ್ಧತಿಯಲ್ಲಿ ಬೆಳೆದ ಹುಡುಗನಿಗೆ ಹಾಗೆ ಮಾಡುವುದು ಬಹಳ ಸುಲಭವಾಗಿತ್ತು, ಅಷ್ಟೇ.

ಅದರ ಬಡ್ಡಿ ಕಟ್ಟಿದ್ದು ಮುಂಬಯಿಯಲ್ಲಿ. ಹಿರಿಯ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದೆ. ನಾನು ಮಾಡಿದ ಮೊದಲ ದಂತಪಂಕ್ತಿ ಹಾಕಿಸಿಕೊಂಡ ಅಜ್ಜಿ ಮೂರನೆಯ ದಿನ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದರು. ಒಳಗೆ ಹುಣ್ಣು. ಕಾಗದದ ಮೇಲೆ ನಾನು ಕೋಟಾ ಮುಗಿಸಿದವನು, ಆದರೆ ಹಲ್ಲು ಕೊಟ್ಟ ಮೇಲೆ ತಿರುಗಿ ಬಂದ ರೋಗಿಯನ್ನು ನೋಡಿರಲೇ ಇಲ್ಲ. ಎಲ್ಲಿ ಉಜ್ಜುವುದು, ಎಷ್ಟು ಉಜ್ಜುವುದು? ಅಂದಾಜಿನಲ್ಲಿ ಯಂತ್ರ ಹಿಡಿದೆ. ಹಿರಿಯರು ಕೈ ತಡೆದರು. ಅಳಿಸದ ಶಾಯಿಯ ಪೆನ್ಸಿಲನ್ನು ಒದ್ದೆ ಮಾಡಿ ಹುಣ್ಣಿನ ಮೇಲೆ ಒಂದು ಚುಕ್ಕೆ ಇಟ್ಟರು, ದಂತಪಂಕ್ತಿಯನ್ನು ಒಣಗಿಸಿ ಬಾಯಿಗೆ ಕೂರಿಸಿ ತೆಗೆದರು. ಚುಕ್ಕೆ ಅಚ್ಚಾಗಿ ಅದರ ಮೇಲೆ ಬಂದಿತ್ತು. ಅಲ್ಲಿ ಮಾತ್ರ, ಅಷ್ಟೇ ಉಜ್ಜಿದರು. ಎರಡು ನಿಮಿಷ. ಐದು ವರ್ಷದ ಫೀಸು ಕೊಟ್ಟು ನಾನು ಕಲಿಯದೆ ಉಳಿದ ಆರನೆಯ ಭೇಟಿಯ ಪಾಠ ಅದು.

ಆವತ್ತಿನಿಂದ ನನ್ನ ಅಭಿಪ್ರಾಯ ಇದು. ಎಷ್ಟು ರೋಗಿಗಳನ್ನು ಮುಟ್ಟಿದೆ ಎಂಬುದರಿಂದ ಅನುಭವ ಆಗುವುದಿಲ್ಲ. ಮುಟ್ಟಿದ ರೋಗಿ ತಿರುಗಿ ಬಂದು, ನೀನು ಮಾಡಿದ್ದು ಹೀಗಾಯಿತು ಎಂದು ಬಾಯಿ ತೆರೆದು ತೋರಿಸಿದಾಗ ಆಗುತ್ತದೆ. ತುಂಬಿದ ಸಿಮೆಂಟು ಆರು ತಿಂಗಳಿಗೆ ಬಿದ್ದುಹೋದದ್ದು, ಬೇರಿನ ನಾಳಗಳನ್ನು ಸ್ವಚ್ಛಮಾಡಿದ ದವಡೆಹಲ್ಲು ಮತ್ತೆ ಬಾತದ್ದು. ಮೇಲಿನ ಮೊದಲ ದವಡೆಹಲ್ಲಿಗೆ ಬೇರು ಮೂರು, ಆದರೆ ನಾಳ ಎಷ್ಟೋ ಸಲ ನಾಲ್ಕು. ಪುಸ್ತಕದಲ್ಲಿ ಓದಿ ಎಲ್ಲರೂ ಪಾಸಾಗುತ್ತೇವೆ. ಆ ನಾಲ್ಕನೆಯ ನಾಳವನ್ನು ಬಿಟ್ಟು ಮುಚ್ಚಿದ ರೋಗಿ ರಾತ್ರಿಯಿಡೀ ನಿದ್ದೆಯಿಲ್ಲದೆ ಬೆಳಿಗ್ಗೆ ಎದುರು ನಿಂತಮೇಲೆ ಜನ್ಮದಲ್ಲಿ ಹುಡುಕದೆ ಬಿಡುವುದಿಲ್ಲ.

ಹಾಗೆಂದು ಜನಜಂಗುಳಿ ಇರುವ ದೊಡ್ಡ ಸರಕಾರಿ ಆಸ್ಪತ್ರೆಗೆ ಹೋದರೆ ಎಲ್ಲ ಸರಿಯಾಗುತ್ತದೆ ಎಂದೂ ಅಲ್ಲ. ಮುಂಬಯಿಯಲ್ಲೇ ಪಾಲಿಕೆಯ ನಾಯರ್ ದಂತ ಕಾಲೇಜು ಉಂಟು, ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತ ಕಾಲೇಜು ಉಂಟು. ಅಂಥಲ್ಲಿ ಸೀಟು ಸಿಕ್ಕಿದರೆ ಕಣ್ಣುಮುಚ್ಚಿ ಹೋಗಿ, ಕೈಗೆ ಕೆಲಸ ಸಿಗುವುದು ನಿಶ್ಚಿತ. ಆದರೆ ಜನ ಎಲ್ಲಿ ಹೆಚ್ಚೋ ಅಲ್ಲಿನ ಅಪಾಯವನ್ನೂ ತಿಳಿದಿರಬೇಕು. ದಿನಗೂಲಿಯವನು ಮೂರು ಸಲ ಬರಲಾರ. "ಕಿತ್ತು ಬಿಡಿ ಸಾಹೇಬ್ರೆ, ರಗಳೆ ಬೇಡ" ಅನ್ನುತ್ತಾನೆ. ಕೀಳುವುದರಲ್ಲಿ ಕೈ ಪಳಗುತ್ತದೆ, ಉಳಿಸುವುದರಲ್ಲಿ ಪಳಗುವುದಿಲ್ಲ. ಬಡವನ ಹಲ್ಲು ಕೀಳುವುದಕ್ಕೇ ಇರುವುದು ಎಂಬ ಮನೋಭಾವವೂ ತಿಳಿಯದ ಹಾಗೆ ಬೆಳೆದುಬಿಡಬಹುದು.

ನಮ್ಮ ಸಂಘದ ಪತ್ರಿಕೆಯಾದ್ದರಿಂದ ಭಾಷೆಯ ಒಂದು ಮಾತು. ರೋಗಿ ತಿರುಗಿ ಬರಬೇಕಾದರೆ ಮೊದಲು ಅವನ ಮಾತು ನಮಗೆ ತಿಳಿಯಬೇಕು. ಹಲ್ಲುನೋವಿಗೆ ಕನ್ನಡದಲ್ಲಿ ಎಷ್ಟು ಶಬ್ದಗಳಿವೆ ನೋಡಿ. ತಣ್ಣೀರು ಕುಡಿದರೆ 'ಜುಮ್' ಅಂದು ತಕ್ಷಣ ಹೋಗುತ್ತದೆ ಅಂದರೆ ಹಲ್ಲಿನೊಳಗಿನ ಜೀವಭಾಗ ಇನ್ನೂ ಉಳಿಯಬಹುದು. ರಾತ್ರಿ ಮಲಗಿದರೆ 'ಪಟಪಟ ಮಿಡಿಯುತ್ತದೆ' ಅಂದರೆ ಬಹುಶಃ ಕೈಮೀರಿತು. 'ಹಲ್ಲು ಮೇಲೆ ಎದ್ದ ಹಾಗೆ ಆಗ್ತದೆ, ಕಚ್ಚಲಿಕ್ಕೆ ಆಗುವುದಿಲ್ಲ' ಅಂದರೆ ಸೋಂಕು ಬೇರಿನ ತುದಿ ದಾಟಿದೆ. ಅರ್ಧ ರೋಗನಿರ್ಣಯ ಆ ಶಬ್ದದಲ್ಲೇ ಇದೆ. ನಮ್ಮ ತರಗತಿಯಲ್ಲಿ ಕನ್ನಡ ಬಾರದ ಬುದ್ಧಿವಂತರು ಬಹಳ ಜನ ಇದ್ದರು. ರೋಗಿ ಇಷ್ಟನ್ನೆಲ್ಲ ಹೇಳಿದರೂ ಅವರ ಕಾಗದದಲ್ಲಿ ಬೀಳುತ್ತಿದ್ದದ್ದು 'ನೋವು' ಎಂಬ ಒಂದೇ ಶಬ್ದ. ಮನೆಯಲ್ಲಿ ಕನ್ನಡ ಉಳಿಸಿಕೊಂಡ ಮುಂಬಯಿಯ ಮಕ್ಕಳಿಗೆ ಅಲ್ಲಿ ಒಂದು ದೊಡ್ಡ ಬಂಡವಾಳ ತಾನಾಗಿ ಸಿಗುತ್ತದೆ. ತಿರುಗಿ ಇಲ್ಲಿಗೆ ಬಂದಮೇಲೆ ನಾನು 'ಠಣಕಾ', 'ಕಳ' ಎಂಬ ಮರಾಠಿ ನೋವುಗಳನ್ನು ಹೊಸದಾಗಿ ಕಲಿತೆ. ರೋಗಿಗಳೇ ಕಲಿಸಿದರು, ಫೀಸಿಲ್ಲದೆ.

ನೀವು ಕೇಳಬಹುದು: ಬಡವರ ಬಾಯಿ ಏನು ನಿಮ್ಮ ಪ್ರಯೋಗಶಾಲೆಯೇ? ಕಾಲೇಜು ಆರಿಸುವಾಗ ಅಲ್ಲಿ ಎಷ್ಟು ಜನ ಬಡವರು ಸಿಗುತ್ತಾರೆ ಎಂದು ಲೆಕ್ಕಹಾಕುವುದು ಅಸಹ್ಯವಲ್ಲವೇ? ಪ್ರಶ್ನೆ ಸರಿಯಾದದ್ದೇ. ನನ್ನ ಉತ್ತರ ಇಷ್ಟು. ಕಲಿಸುವ ಆಸ್ಪತ್ರೆ ಅಂದರೆ ಒಂದು ಒಪ್ಪಂದ. ರೋಗಿ ತನ್ನ ಸಮಯ ಮತ್ತು ತಾಳ್ಮೆ ಕೊಡುತ್ತಾನೆ, ಅನನುಭವಿಯ ಕೈ ಸಹಿಸುತ್ತಾನೆ. ಬದಲಿಗೆ ಅವನಿಗೆ ಕಡಿಮೆ ಖರ್ಚು, ಪ್ರತಿ ಹಂತದಲ್ಲೂ ಗುರುಗಳ ಕಣ್ಣು, ಮತ್ತು ಮುಗಿದ ಕೆಲಸ ಸಿಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಒಪ್ಪಂದ ಮುರಿಯಿತು. ನಾನು ಮುರಿದವನು. ಒಪ್ಪಂದ ಉಳಿಸಿಕೊಂಡ ಕಾಲೇಜಿಗೆ ರೋಗಿ ತಾನೇ ಬರುತ್ತಾನೆ, ನೆರೆಮನೆಯವನನ್ನೂ ಕರೆತರುತ್ತಾನೆ. ಆದ್ದರಿಂದ ರೋಗಿ ತಿರುಗಿ ಬರುವ ಕಾಲೇಜನ್ನು ಹುಡುಕುವುದು ಅಂದರೆ ಪ್ರಾಮಾಣಿಕವಾದ ಕಾಲೇಜನ್ನು ಹುಡುಕಿದ ಹಾಗೆಯೇ. ಎರಡು ಬೇರೆ ಕೆಲಸವಲ್ಲ.

ಇನ್ನು ಕೆಲವರು ಹೇಳುತ್ತಾರೆ, ಡಿಗ್ರಿ ಆಗಲಿ, ಕೈ ಆಮೇಲೆ ಕೂರುತ್ತದೆ ಅಂತ. ಕೂರುತ್ತದೆ. ಯಾರ ಬಾಯಲ್ಲಿ? ಆಗ ಗುರುಗಳೂ ಪಕ್ಕದಲ್ಲಿಲ್ಲ, ಕಡಿಮೆ ಖರ್ಚೂ ಇಲ್ಲ. ಕಲಿಯುತ್ತಿದ್ದೇನೆ ಎಂದು ರೋಗಿಗೆ ಹೇಳುವ ಪ್ರಾಮಾಣಿಕತೆಯೂ ಇರುವುದಿಲ್ಲ.

ಮಾವನ ಹಾಳೆಯ ಹಿಂಬದಿಯಲ್ಲಿ ನಾನು ಬರೆದುಕೊಟ್ಟದ್ದು ಇಷ್ಟು. ಕಾಲೇಜಿಗೆ ಭಾನುವಾರ ಹೋಗಬೇಡಿ, ವಾರದ ನಡುವೆ ಹೋಗಿ. ಪ್ರಿನ್ಸಿಪಾಲರ ಕೋಣೆಗೆ ಹೋಗುವ ಮೊದಲು ಹೊರರೋಗಿಗಳ ಬೆಂಚಿನಲ್ಲಿ ಒಂದು ಗಂಟೆ ಕೂರಿ. ಪಕ್ಕದವರನ್ನು ಕೇಳಿ: ಎಷ್ಟನೆಯ ಸಲ ಬರುತ್ತಿದ್ದೀರಿ? ಎಲ್ಲರೂ ಮೊದಲ ಸಲದವರಾಗಿದ್ದು ಹೊರಗೆ ಕಾಲೇಜಿನ ಬಸ್ಸು ನಿಂತಿದ್ದರೆ, ಅವರು ಬಂದದ್ದಲ್ಲ, ಕರೆತಂದದ್ದು ಎಂದು ತಿಳಿಯಿರಿ. ಬಸ್ಸು ಕಳಿಸುವುದು ತಪ್ಪಲ್ಲ; ಎರಡನೆಯ ಸಲಕ್ಕೂ ಬಸ್ಸು ಹೋಗುತ್ತದಾ ಅಂತ ಕೇಳಿ. ಹಲ್ಲು ತುಂಬಿಸಲಿಕ್ಕೆ ರೋಗಿಯಿಂದ ಎಷ್ಟು ತೆಗೆದುಕೊಳ್ಳುತ್ತಾರೆ ನೋಡಿ. ಪೇಟೆಯ ದರವೇ ಆದರೆ ಅಲ್ಲಿಗೆ ಯಾರೂ ಬರುವುದಿಲ್ಲ. ಮಧ್ಯಾಹ್ನ ಊಟದ ಮೇಲೆ ಇನ್ನೊಮ್ಮೆ ಒಳಗೆ ಹೋಗಿ, ಕುರ್ಚಿಗಳ ಮೇಲೆ ದೀಪ ಉರಿಯುತ್ತಿದೆಯೋ ಇಲ್ಲವೋ ನೋಡಿ.

ಆಮೇಲೆ ಕ್ಯಾಂಟೀನಿನಲ್ಲಿ ಒಬ್ಬ ಇಂಟರ್ನ್‌ಗೆ ಚಾ ಕುಡಿಸಿ. ಎಷ್ಟು ರೂಟ್ ಕೆನಾಲ್ ನಿನ್ನ ಕೈಯಲ್ಲೇ ಮಾಡಿದೆ? ಒಳ್ಳೆಯ ಕೇಸುಗಳೆಲ್ಲ ಎಂಡಿಎಸ್‌ನವರಿಗೆ ಹೋಗುತ್ತವಾ? ಮೊದಲ ಅಚ್ಚಿನಿಂದ ಕೊನೆಯವರೆಗೆ ಎಷ್ಟು ದಂತಪಂಕ್ತಿ ಮುಗಿಸಿದೆ? ನೀನು ತುಂಬಿದ ಹಲ್ಲು ಕೆಟ್ಟಾಗ ರೋಗಿ ತಿರುಗಿ ನಿನ್ನ ಹತ್ತಿರವೇ ಬಂದನಾ? ಸಹಿ ಮಾಡುವವರು ಬಾಯಿ ನೋಡಿ ಸಹಿ ಮಾಡುತ್ತಾರಾ, ಪುಸ್ತಕ ನೋಡಿಯಾ? ಇಂಟರ್ನ್‌ಶಿಪ್ಪಿನ ಹನ್ನೆರಡು ತಿಂಗಳಲ್ಲಿ ಮೂರು ತಿಂಗಳು ಸಮುದಾಯದ ಕೆಲಸಕ್ಕೆ, ಹಳ್ಳಿಗಳಿಗೆ ಮೀಸಲು. ಆ ಮೂರು ತಿಂಗಳು ನಿಜಕ್ಕೂ ಹೋದೆಯಾ, ಮನೆಗೆ ಹೋಗಿ ಪರೀಕ್ಷೆಗೆ ಓದಿದೆಯಾ? ಇಂಟರ್ನ್ ಅಂದವನು ಸುಳ್ಳು ಹೇಳುವುದಿಲ್ಲ. ಅವನಿಗೆ ಇನ್ನು ಕಾಲೇಜಿನಿಂದ ಬೇಕಾದ್ದೇನೂ ಉಳಿದಿರುವುದಿಲ್ಲ.

ಮಾವ ಹಾಳೆಯನ್ನು ತಿರುಗಿಸಿ ತಿರುಗಿಸಿ ಓದಿದರು. "ಇಷ್ಟೆಲ್ಲ ಕೇಳಿದರೆ ಸೀಟು ಕೊಡ್ತಾರಾ?" ಅಂದರು. ಹುಡುಗಿ ಮಾತ್ರ ಏನೂ ಹೇಳದೆ ಹಾಳೆಯನ್ನು ಮಡಚಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಮುಂದಿನ ವಾರ ಇಬ್ಬರಿಗೂ ಮತ್ಸ್ಯಗಂಧಾದಲ್ಲಿ ಟಿಕೇಟು ಆಗಿದೆ. ಮೂರು ಕಾಲೇಜು ನೋಡುವುದಂತೆ, ಬೆಂಚಿನಲ್ಲಿ ಕೂರುವುದು ಕೂಡ ಉಂಟಂತೆ. ಅವರ ಪಟ್ಟಿಯ ಮೂರನೆಯ ಕಾಲೇಜು ನನ್ನದೇ. ಹಾಸ್ಟೆಲಿನ ಅಡುಗೆಯವರು ಇನ್ನೂ ಇದ್ದರೆ ಅವರ ದೊಡ್ಡಪ್ಪನ ಬಗ್ಗೆ ವಿಚಾರಿಸು ಅಂತ ಹುಡುಗಿಯ ಹತ್ತಿರ ಹೇಳಬೇಕೆಂದಿದ್ದೆ. ಹೇಳಲಿಲ್ಲ. ಅದು ಅವಳು ಕೇಳಬೇಕಾದ ಪ್ರಶ್ನೆಯಲ್ಲ.